ಫ್ಲೈ ಲೈನ್: ದಾರದ ಅರಿವು, ಆಯ್ಕೆಯ ಹೊಣೆ

(ವಿದ್ಯಾರ್ಥಿಗಳ ನಿಸರ್ಗ ಶಿಬಿರದಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಗಾಳ ಹಾಕುವುದು ಮಲೆನಾಡಿನವರಿಗೆ ಹೊಸತಲ್ಲ. ಬಿದಿರಿನ ಕೋಲು, ಅದಕ್ಕೊಂದು ದಾರ, ದಾರದ ಕೊನೆಗೆ ಎರೆಹುಳು ಚುಚ್ಚಿದ ಗಾಳ. ಅಲ್ಲಿ ಎರೆಯ ಮತ್ತು ಸೀಸದ ಗುಂಡಿನ ಭಾರವೇ ದಾರವನ್ನು ನೀರಿಗೆ ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್ ಎಂಬ ವಿಧಾನದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಗಾಳಕ್ಕೆ ಕಟ್ಟುವುದು ಗರಿ, ತುಪ್ಪಳ, ನೂಲುಗಳಿಂದ ರಚಿಸಿದ ಕೃತಕ ಕೀಟವನ್ನು. ಅದಕ್ಕೆ ತೂಕವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಅಂಥದನ್ನು 40 ಅಡಿ ದೂರಕ್ಕೆ ಎಸೆಯುವುದು ಹೇಗೆ? ಭಾರವನ್ನು ದಾರಕ್ಕೇ ಕೊಡಬೇಕು. ಬಾರುಕೋಲು ಬೀಸಿದಾಗ ಕೈಯ ಬಲ ಬಾರಿನುದ್ದಕ್ಕೂ ಹರಿದು ತೆಳುವಾದ ತುದಿಯಲ್ಲಿ ವೇಗವಾಗುವಂತೆ, ಇಲ್ಲಿಯೂ ಬಲವು ದಪ್ಪ ಭಾಗದಿಂದ ಸಣ್ಣ ತುದಿಗೆ ಸಾಗಿ ಕೀಟವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ.

ಈ ದಾರದ ಇತಿಹಾಸ ದೀರ್ಘವಾದುದು. 1653ರಲ್ಲಿ ಐಸಾಕ್ ವಾಲ್ಟನ್ನನ 'ದಿ ಕಂಪ್ಲೀಟ್ ಆಂಗ್ಲರ್' ಪ್ರಕಟವಾದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಕುದುರೆಬಾಲದ ಕೂದಲನ್ನು ಹೊಸೆದು ದಾರ ಮಾಡುತ್ತಿದ್ದರು. ತುದಿಯತ್ತ ಕೂದಲಿನ ಎಳೆಗಳನ್ನು ಕಡಿಮೆ ಮಾಡುತ್ತ ಹೋದರೆ ದಾರ ತಾನಾಗಿ ಸಣ್ಣಗಾಗುತ್ತಿತ್ತು. ಬಳಿಕ ರೇಷ್ಮೆ ಬಂದಿತು. ಹೆಣೆದ ರೇಷ್ಮೆಗೆ ಅಗಸೆ ಎಣ್ಣೆಯ ಲೇಪ ಕೊಡುತ್ತಿದ್ದರು. ರೇಷ್ಮೆ ನೀರಿಗಿಂತ ಸಾಂದ್ರವಾದುದರಿಂದ ತೇಲಬೇಕಾದರೆ ಮೇಲೆ ಜಿಡ್ಡು ಸವರಬೇಕಿತ್ತು. ಬಳಸಿದ ಮೇಲೆ ಒಣಗಿಸದಿದ್ದರೆ ಕೊಳೆಯುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಸೈಂಟಿಫಿಕ್ ಆಂಗ್ಲರ್ಸ್ ಸಂಸ್ಥೆಯು ಹೆಣೆದ ಎಳೆಯ ಮೇಲೆ ಪಿ.ವಿ.ಸಿ. ಲೇಪಿಸಿದ ದಾರವನ್ನು ಬಳಕೆಗೆ ತಂದಿತು. ಇಂದು ಹೆಚ್ಚಿನ ಫ್ಲೈ ಲೈನ್‌ಗಳು ಇದೇ ಬಗೆಯವು.

ಪಿ.ವಿ.ಸಿ. ಕೂಡ ನೀರಿಗಿಂತ ಭಾರವಾದುದೇ. ಆದುದರಿಂದ ತೇಲುವ ದಾರದ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ, ಟೊಳ್ಳಾದ ಗಾಜಿನ ಗೋಲಿಗಳನ್ನು ಬೆರೆಸುತ್ತಾರೆ. ಮುಳುಗುವ ದಾರಕ್ಕೆ ಟಂಗ್‌ಸ್ಟನ್ ಲೋಹದ ಪುಡಿಯನ್ನು ಸೇರಿಸುತ್ತಾರೆ.

ತೂಕದ ವಿಚಾರದಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಪಾಠವೊಂದಿದೆ. ರೇಷ್ಮೆಯ ಕಾಲದಲ್ಲಿ ದಾರವನ್ನು ದಪ್ಪದಿಂದ ಅಳೆದು, ಆಂಗ್ಲ ಅಕ್ಷರಗಳಿಂದ ಗುರುತಿಸುತ್ತಿದ್ದರು. ಎಲ್ಲವೂ ರೇಷ್ಮೆಯೇ ಆಗಿದ್ದಾಗ ಒಂದೇ ದಪ್ಪವೆಂದರೆ ಒಂದೇ ತೂಕ. ನೈಲಾನ್, ಪಿ.ವಿ.ಸಿ. ಬಂದ ಮೇಲೆ ಈ ಸಂಬಂಧ ಮುರಿಯಿತು. ಒಂದೇ ದಪ್ಪದ ಎರಡು ದಾರಗಳ ತೂಕ ಬೇರೆಬೇರೆಯಾಯಿತು. ಕೋಲನ್ನು ಬಾಗಿಸುವುದು ತೂಕವೇ ಹೊರತು ದಪ್ಪವಲ್ಲ. ಆದ್ದರಿಂದ 1960ರ ದಶಕದ ಆರಂಭದಲ್ಲಿ ಅಮೆರಿಕದ ತಯಾರಕರು ದಾರದ ಮೊದಲ 30 ಅಡಿಯ ತೂಕವನ್ನೇ ಮಾನದಂಡವಾಗಿಸಿ ಸಂಖ್ಯೆ ಕೊಟ್ಟರು. 5ನೆಯ ಸಂಖ್ಯೆಯ ದಾರಕ್ಕೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ; 8ನೆಯದಕ್ಕೆ 210 ಗ್ರೇನ್, ಸುಮಾರು 13.6 ಗ್ರಾಂ. ಕೋಲಿನ ಮೇಲೂ ಇದೇ ಸಂಖ್ಯೆ ಇರುತ್ತದೆ, ಎರಡೂ ಹೊಂದಬೇಕು.

ಆಯ್ಕೆ ಮಾಡುವವರು ತೂಕವಲ್ಲದೆ ಇನ್ನು ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಆಕಾರ. ಡಿ.ಟಿ. ಎಂದು ಗುರುತಿಸಿದ ದಾರ ಎರಡೂ ತುದಿಗಳಲ್ಲಿ ಸಣ್ಣಗಾಗಿರುತ್ತದೆ. ಕಿರಿದಾದ ತೊರೆಗಳಿಗೆ ಇದು ಸಾಕು. ಒಂದು ತುದಿ ಸವೆದರೆ ತಿರುಗಿಸಿ ಮತ್ತೆ ಬಳಸಬಹುದು. ಡಬ್ಲ್ಯು.ಎಫ್. ಎಂಬುದರಲ್ಲಿ ಭಾರವೆಲ್ಲ ಮುಂಭಾಗದಲ್ಲಿರುತ್ತದೆ. ಅಗಲವಾದ ನೀರು, ದೊಡ್ಡ ಕೃತಕ ಕೀಟ, ಎದುರುಗಾಳಿ ಇರುವಲ್ಲಿ ಅದು ಅನುಕೂಲ. ಎರಡನೆಯದು ತೇಲುವುದೋ ಮುಳುಗುವುದೋ ಎಂಬುದು. ಮೀನು ನೀರಿನ ಮೇಲ್ಮೈಯ ಕೀಟ ತಿನ್ನುತ್ತಿದ್ದರೆ ತೇಲುವ ದಾರ. ಆಳದ ಮಡುವಿನಲ್ಲಿದ್ದರೆ ಮುಳುಗುವ ದಾರ. ಮೂರನೆಯದು ಹವೆ. ಚಳಿಯ ನೀರಿಗಾಗಿ ಮಾಡಿದ ದಾರ ಬಿಸಿಲಿನಲ್ಲಿ ಮೆತ್ತಗಾಗಿ ಅಂಟುತ್ತದೆ. ನೀಲಗಿರಿಯ ಟ್ರೌಟ್ ತೊರೆಗೆ ಸರಿಹೊಂದುವ 4 ಅಥವಾ 5ನೆಯ ಸಂಖ್ಯೆಯ ದಾರ ಬಯಲಿನ ಬೇಸಿಗೆಯಲ್ಲಿ ಮಹಶೀರ್‌ಗೆ ಸಲ್ಲದು. ಅಲ್ಲಿ ಗಡುಸಾದ ಒಳಎಳೆಯುಳ್ಳ, 8 ಅಥವಾ ಅದಕ್ಕೂ ಹೆಚ್ಚಿನ ಸಂಖ್ಯೆಯ ದಾರ ಬೇಕು.

ಇದು ಕೇವಲ ಹಿಡಿಯುವವರ ಅನುಕೂಲದ ಮಾತಲ್ಲ. ದೊಡ್ಡ ಮೀನಿಗೆ ಹಗುರ ಸಲಕರಣೆ ಬಳಸಿದರೆ ಹೋರಾಟ ದೀರ್ಘವಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಬಳಲಿದ ಮೀನನ್ನು ಮರಳಿ ಬಿಟ್ಟರೂ ಅದು ಬದುಕುವುದು ಕಷ್ಟ. ತುಂಡಾಗಿ ನದಿಯಲ್ಲುಳಿದ ದಾರ ಇನ್ನೊಂದು ಅಪಾಯ. ರೇಷ್ಮೆ ಕಾಲಕ್ರಮದಲ್ಲಿ ಮಣ್ಣಾಗುತ್ತಿತ್ತು, ಪಿ.ವಿ.ಸಿ., ನೈಲಾನ್, ಫ್ಲೋರೋಕಾರ್ಬನ್‌ಗಳು ಹಾಗೆ ಕರಗುವುದಿಲ್ಲ. ನೀರುಹಕ್ಕಿಯ ಕಾಲಿಗೆ, ನೀರುನಾಯಿಯ ಕೊರಳಿಗೆ ಅವು ಉರುಳಾಗುತ್ತವೆ. ಹಳೆಯ ದಾರವನ್ನು ಮನೆಗೆ ಒಯ್ಯುವುದೂ ಆಯ್ಕೆಯ ಒಂದು ಭಾಗವೇ.

ಕಾವೇರಿಯ ಗೂನುಬೆನ್ನಿನ ಮಹಶೀರ್‌ನ ಸ್ಥಿತಿ ಇಲ್ಲಿ ಸ್ಮರಣೀಯ. ಗಾಲಿಬೋರೆಯ ಶಿಬಿರದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುದು ಫ್ಲೈ ಅಲ್ಲ, ರಾಗಿಹಿಟ್ಟಿನ ಎರೆ. ಆದರೆ ಅಲ್ಲಿ ಹಿಡಿದು ಬಿಟ್ಟ ಮೀನುಗಳ 1998ರಿಂದ 2012ರವರೆಗಿನ ದಾಖಲೆಗಳೇ ಈ ಮೀನು ಕುಸಿಯುತ್ತಿರುವುದನ್ನೂ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿರುವುದನ್ನೂ ವಿಜ್ಞಾನಿಗಳಿಗೆ ತೋರಿಸಿಕೊಟ್ಟವು. 2018ರಲ್ಲಿ ಇದನ್ನು ಟಾರ್ ರೆಮಾದೇವಿ ಎಂದು ಗುರುತಿಸಲಾಯಿತು. ಅದೇ ವರ್ಷ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿತು. ಹಿಡಿದುದನ್ನು ಅಳೆದು, ತೂಗಿ, ಬರೆದಿಟ್ಟವರ ಶ್ರಮ ಹೀಗೆ ಫಲಿಸಿತು.

ಹೊಳೆಯನ್ನು ಓದಲು ಬಾರದವರಿಗೆ ದಾರವನ್ನು ಆಯ್ದುಕೊಳ್ಳಲೂ ಬಾರದು. ನೀರಿನ ಆಳ, ಸೆಳೆತ, ಉಷ್ಣತೆ, ಕಲ್ಲಡಿಯ ಹುಳು, ಮೀನಿನ ಜಾತಿ, ಆ ಜಾಗದ ಕಾನೂನು ಇವೆಲ್ಲವನ್ನು ತಿಳಿದ ಮೇಲೆಯೇ ಸಂಖ್ಯೆ, ಆಕಾರಗಳ ಪ್ರಶ್ನೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳು ಆಡುವ ಮಡುಗಳಿಗೆ ಸರಿಯಾದ ದಾರ ಯಾವುದೂ ಇಲ್ಲ. ಅಲ್ಲಿ ಬರಿಗೈಯಲ್ಲಿ ನಿಂತು ನೋಡುವುದೇ ಸರಿಯಾದ ಆಯ್ಕೆ.