ಮದನಿಕೆಯ ಮುಖ ಏಕೆ ಕಪ್ಪಾಯಿತು?

ಗಂಡಸಿಯಿಂದ ಬೇಲೂರಿಗೆ ಶಾಲಾ ಪ್ರವಾಸ ಹೋದ ಮಕ್ಕಳೇ, ಮದನಿಕೆಯರ ಫೋಟೊ ತೆಗೆದಿದ್ದೀರಾ? ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಯ ಸೂರಿನಡಿ, ನೆರಳಲ್ಲಿ ನಿಂತಿದ್ದಾರೆ ಈ ಕಲ್ಲಿನ ಬೆಡಗಿಯರು. ಪಕ್ಕದಲ್ಲೇ ಉರಿಬಿಸಿಲಿನ ಆಕಾಶ. ನಮ್ಮ ಕಣ್ಣಿಗೆ ಎರಡೂ ಕಾಣುತ್ತವೆ. ಫೋಟೊದಲ್ಲಿ ಮಾತ್ರ ಆಕಾಶ ಸುಣ್ಣ ಬಳಿದಂತೆ ಬೆಳ್ಳಗೆ, ಮದನಿಕೆಯ ಮುಖ ಕಪ್ಪಗೆ! ನೆರಳು ನೋಡುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಬಿಸಿಲು ನೋಡುವಾಗ ಕುಗ್ಗುತ್ತದೆ. ಎರಡನ್ನೂ ಮಿದುಳು ಜೋಡಿಸಿಕೊಳ್ಳುತ್ತದೆ. ಕ್ಯಾಮೆರಾ ಒಮ್ಮೆ ಕ್ಲಿಕ್ಕಿಸಿದರೆ ಇಡೀ ನೋಟಕ್ಕೂ ಒಂದೇ ಅಳತೆಯ ಬೆಳಕು.

ಫಿಲ್ಮ್ ರೀಲಿನ ಕಾಲದ ಹವ್ಯಾಸಿಗಳಿಗೂ ಇದೇ ತಲೆನೋವಿತ್ತು. ಬೇಲೂರಿಗೆ ಹತ್ತಿರದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಹಕ್ಕಿಗಳ ಬೆನ್ನುಹತ್ತಿದ್ದ ಪೂರ್ಣಚಂದ್ರ ತೇಜಸ್ವಿಯಂಥವರಿಗೆ ಒಂದು ರೀಲಿನಲ್ಲಿ ಸಿಗುತ್ತಿದ್ದುದು ಹೆಚ್ಚೆಂದರೆ 36 ಚಿತ್ರ. ರೀಲು ತೊಳೆಯುವವರೆಗೆ ಏನು ಬಂದಿದೆಯೋ ದೇವರೇ ಬಲ್ಲ.

ಫಿಲ್ಮಿನ ಮೇಲೆ ಬೆಳ್ಳಿಯ ಲವಣ ಸವರಿರುತ್ತದೆ. ಬೆಳಕು ಬಿದ್ದ ಕಡೆ ಅದು ಡೆವಲಪರ್ ದ್ರಾವಣದಲ್ಲಿ ಕಪ್ಪು ಬೆಳ್ಳಿಯಾಗುತ್ತದೆ. (ಬೆಳ್ಳಿ ಎಲ್ಲಾದರೂ ಕಪ್ಪಗಿರುತ್ತದೆಯೇ ಎನ್ನಬೇಡಿ. ತೀರಾ ಸಣ್ಣ ಕಣಗಳಾದಾಗ ಕಪ್ಪೇ ಕಾಣುವುದು.) ಹಾಗಾಗಿ ಆಕಾಶ ಕಪ್ಪು, ಮದನಿಕೆಯ ಮುಖ ತಿಳಿ, ಎಲ್ಲ ತಿರುವುಮುರುವು. ಇದೇ ನೆಗೆಟಿವ್.

ಮುಂದಿನ ಕೆಲಸ ಡಾರ್ಕ್‌ರೂಮಿನದು. ಕಪ್ಪುಬಿಳುಪು ಫೋಟೊದ ಕಾಗದಕ್ಕೆ ಕೆಂಪು ಬೆಳಕು ತಾಗದು. ಅದಕ್ಕೇ ಅಲ್ಲಿ ಕೆಂಪು ಬಲ್ಬು. ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬಿಟ್ಟರೆ, ತಿಳಿಯಾದ ಕಡೆ ಹೆಚ್ಚು ಬೆಳಕು ದಾಟಿ ಮದನಿಕೆಯ ಮುಖ ಮತ್ತೆ ಕಪ್ಪಾಗುತ್ತದೆ. ಆಗ ಹವ್ಯಾಸಿ ಏನು ಮಾಡುತ್ತಿದ್ದ ಗೊತ್ತೇ? ತಂತಿಯ ತುದಿಗೆ ರಟ್ಟಿನ ಬಿಲ್ಲೆ ಅಂಟಿಸಿ, ಬೆಳಕಿಗೂ ಕಾಗದಕ್ಕೂ ನಡುವೆ ಹಿಡಿದು, ಮುಖದ ಮೇಲೆ ಬೀಳುವ ಬೆಳಕನ್ನು ಕೆಲವು ಸೆಕೆಂಡು ತಡೆಯುತ್ತಿದ್ದ. ಬಿಲ್ಲೆಯನ್ನು ಅಲುಗಾಡಿಸುತ್ತಲೇ ಇರಬೇಕು. ನಿಲ್ಲಿಸಿದರೆ ಅದರ ಅಂಚು ಚಿತ್ರದಲ್ಲಿ ಮೂಡಿಬಿಡುತ್ತದೆ. ಮುಖ ತಿಳಿಯಾಗುತ್ತಿತ್ತು. ಆಕಾಶಕ್ಕೆ ಇದರ ತದ್ವಿರುದ್ಧ: ಕೈ ಮುಷ್ಟಿಯ ಸಂದಿನಿಂದ ಅಲ್ಲಿಗಷ್ಟೇ ಇನ್ನಷ್ಟು ಬೆಳಕು. ಮೊದಲನೆಯದು ಡಾಡ್ಜಿಂಗ್, ಎರಡನೆಯದು ಬರ್ನಿಂಗ್.

ಅಮೆರಿಕದ ಮಿಷಿಗನ್‌ನಲ್ಲಿ ಗ್ಲೆನ್ ನೋಲ್ ಎಂಬ ಪ್ರೊಫೆಸರರ ಮನೆಯಲ್ಲೂ ಇಂಥ ಡಾರ್ಕ್‌ರೂಮ್ ಇತ್ತು. ಹವ್ಯಾಸಕ್ಕೆಂದು ಇಟ್ಟುಕೊಂಡದ್ದು. ಅವರ ಮಕ್ಕಳಾದ ಥಾಮಸ್ ಮತ್ತು ಜಾನ್ ಸೇರಿ ರೂಪಿಸಿದ, ಫೋಟೊ ತಿದ್ದುವ ಕಂಪ್ಯೂಟರ್ ತಂತ್ರಾಂಶ ಫೋಟೊಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಡಾಡ್ಜ್ ಮಾಡಲು ಒತ್ತುವ ಗುರುತು ಕಡ್ಡಿಗೆ ಸಿಕ್ಕಿಸಿದ ಬಿಲ್ಲೆ, ಬರ್ನ್ ಮಾಡಲು ಒತ್ತುವ ಗುರುತು ಮಡಿಸಿದ ಕೈ!

ಕಂಪ್ಯೂಟರಿಗೆ ರಟ್ಟೂ ಬೇಡ, ಬೆಳ್ಳಿಯೂ ಬೇಡ. ಕಪ್ಪುಬಿಳುಪು ಚಿತ್ರದ ಪ್ರತಿ ಚುಕ್ಕಿಗೂ ಸಾಮಾನ್ಯವಾಗಿ 0ಯಿಂದ 255ರವರೆಗೆ ಒಂದು ಸಂಖ್ಯೆ. 0 ಎಂದರೆ ಕಡುಗಪ್ಪು, 255 ಎಂದರೆ ಅಚ್ಚ ಬಿಳಿ. ಮುಖದ ಚುಕ್ಕಿಗಳು 20, 30ರಲ್ಲಿದ್ದರೆ ಅವನ್ನು 80, 100ಕ್ಕೆ ಏರಿಸಿದರಾಯಿತು. ಆದರೆ ಆಕಾಶದ ಚುಕ್ಕಿಗಳೆಲ್ಲ 255 ಮುಟ್ಟಿಬಿಟ್ಟಿದ್ದರೆ? ಸಂಖ್ಯೆ ಇಳಿಸಿದರೆ ಬೂದು ಬಣ್ಣ ಬರಬಹುದು, ಅಳಿಸಿಹೋದ ಮೋಡ ಮಾತ್ರ ಬಾರದು. ಅದಕ್ಕೇ ಈಗಿನ ಫೋನು ನೀವು ಒಮ್ಮೆ ಒತ್ತಿದರೂ ಹಲವು ಚಿತ್ರ ತೆಗೆಯುತ್ತದೆ. ಕಡಿಮೆ ಬೆಳಕಿನದರಿಂದ ಮೋಡ, ಹೆಚ್ಚು ಬೆಳಕಿನದರಿಂದ ಮದನಿಕೆಯ ಮುಖ ಆಯ್ದು ಒಂದೇ ಚಿತ್ರವಾಗಿ ಬೆಸೆಯುತ್ತದೆ. ಫೋನಿನ ಕ್ಯಾಮೆರಾದಲ್ಲಿ ಎಚ್‌ಡಿಆರ್ ಎಂದು ಬರೆದಿರುವುದು ಇದನ್ನೇ.