ಹೊಟ್ಟೆ ಉಬ್ಬಿದ್ದೆಲ್ಲ ಉಬ್ಬರವಲ್ಲ
(ಲಕ್ಷ್ಮೇಶ್ವರದಲ್ಲಿ ರೈತರ ಮುಂದೆ ಮಾಡಿದ ಭಾಷಣ)



ದನಕ್ಕೆ ಜಡ್ಡಾಯಿತೆಂದು ಪಶು ಆಸ್ಪತ್ರೆಯ ಬಾಗಿಲಿಗೆ ಬರುವ ರೈತ ಹೇಳುವ ಮಾತು ಬಹುಮಟ್ಟಿಗೆ ಒಂದೇ: "ಹೊಟ್ಟಿ ಉಬ್ಬೇತ್ರಿ, ಎಣ್ಣಿ ಹಾಕೀವಿ." ಹೊಟ್ಟೆ ಉಬ್ಬಿದ್ದು ನಿಜ, ಎಣ್ಣೆ ಹಾಕಿದ್ದೂ ನಿಜ. ಆದರೆ ಉಬ್ಬಿದ ಹೊಟ್ಟೆ ಒಂದು ರೋಗದ ಹೆಸರಲ್ಲ, ಅದೊಂದು ಗುರುತು. ಮನುಷ್ಯನಿಗೆ ಮೈ ಕಾದರೆ ಅದು ನೆಗಡಿಯೂ ಇರಬಹುದು, ವಿಷಮಶೀತವೂ ಇರಬಹುದು. ಹಾಗೆಯೇ ದನದ ಹೊಟ್ಟೆ ಉಬ್ಬುವುದಕ್ಕೆ ನಾಲ್ಕಾರು ಬೇರೆ ಬೇರೆ ಕಾರಣಗಳಿವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಬರೀ ಹೊತ್ತುಗಳೆಯುವ ಕೆಲಸವಾಗುತ್ತದೆ. ಕೆಲವು ಸಲ ಅದೇ ದನದ ಜೀವ ತೆಗೆಯುತ್ತದೆ.

ನಿಜವಾದ ಉಬ್ಬರವನ್ನು ಈ ಭಾಗದ ರೈತರು ಚೆನ್ನಾಗಿ ಬಲ್ಲರು. ಮುಂಗಾರಿನ ಹೆಸರು ಬಿಡಿಸಿದ ಮೇಲೆ ಹಸಿ ಬಳ್ಳಿಗೆ ಹಸಿದ ದನ ಬಿಟ್ಟರೆ ಗಂಟೆ ಎರಡು ಗಂಟೆಯಲ್ಲಿ ಎಡಪಕ್ಕೆಯ ಕುಳಿ ತುಂಬಿ, ಬೆರಳಿನಿಂದ ತಟ್ಟಿದರೆ ಡೊಳ್ಳಿನಂತೆ ಸಪ್ಪಳವಾಗುತ್ತದೆ. ಕಾಳುಜಾತಿಯ ಹಸಿಮೇವಿನಿಂದ ಬಂದ ಈ ಉಬ್ಬರದಲ್ಲಿ ಗಾಳಿ ಸಣ್ಣ ಸಣ್ಣ ನೊರೆಯಾಗಿ ಮೇವಿನೊಳಗೆ ಸಿಕ್ಕಿಕೊಂಡಿರುತ್ತದೆ. ಶೇಂಗಾ ಎಣ್ಣೆ ಆ ನೊರೆಯನ್ನು ಒಡೆಯುತ್ತದೆ. ಆದುದರಿಂದ ಇಲ್ಲಿ ಎಣ್ಣೆ ಹಾಕುವುದು ಸರಿಯಾದ ಮದ್ದೇ, ಹಿರಿಯರು ಸುಮ್ಮನೆ ಹಾಕುತ್ತಿರಲಿಲ್ಲ. ಆದರೆ ಗಂಟಲಲ್ಲಿ ಗಜ್ಜರಿಯೋ ಗೆಣಸೋ ಸಿಕ್ಕಿ ಉಬ್ಬಿದ ದನದಲ್ಲಿ ನೊರೆಯಿಲ್ಲ, ಬರೀ ಗಾಳಿ ಇರುತ್ತದೆ. ಅದಕ್ಕೆ ಎಣ್ಣೆಯಿಂದ ಏನೂ ಆಗದು. ಸಿಕ್ಕಿದ್ದನ್ನು ವೈದ್ಯರು ತೆಗೆಯಬೇಕು, ಇಲ್ಲವೆ ಗಾಳಿ ಹೊರಬಿಡಬೇಕು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಜೋಳ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಎರಿ ಹೊಲಗಳಲ್ಲಿ ಜೋಳವೆಂದರೆ ಮನುಷ್ಯನಿಗೆ ರೊಟ್ಟಿ, ದನಕ್ಕೆ ಕಣಿಕೆ. ಅಂಥ ಬೆಳೆಯನ್ನು ಯಾರೂ ಸಂಶಯಪಡುವುದಿಲ್ಲ. ಒಬ್ಬ ರೈತನ ಎತ್ತು ಎಂದಿಟ್ಟುಕೊಳ್ಳಿ. ಹಿಂಗಾರಿ ಜೋಳ ಮೊಣಕಾಲೆತ್ತರವೂ ಆಗಿಲ್ಲ, ಮಳೆ ಕೈಕೊಟ್ಟು ಬಾಡಿ ನಿಂತಿದೆ. ಹೇಗೂ ಹೋಗುವ ಬೆಳೆ, ದನವಾದರೂ ತಿನ್ನಲಿ ಎಂದು ಬಿಡುತ್ತಾನೆ. ಕೊಯ್ದ ಹೊಲದಲ್ಲಿ ಅಕಾಲಿಕ ಮಳೆಗೆ ಒಡೆದ ಕೂಳೆ ಚಿಗುರಿಗೆ ಬಿಟ್ಟರೂ ಅಷ್ಟೆ, ಸಸಿ ತೆಳುವು ಮಾಡಿ ಕಿತ್ತ ಹಸಿ ಪೈರನ್ನು ಗ್ವಾದಲಿಗೆ ತಂದು ಹಾಕಿದರೂ ಅಷ್ಟೆ. ಕಾಲು ಗಂಟೆಯೊಳಗೆ ಎತ್ತು ಜೋರಾಗಿ ಉಸಿರಾಡುತ್ತದೆ, ಬಾಯಿಂದ ಜೊಲ್ಲು ನೊರೆ ಸುರಿಯುತ್ತದೆ, ತೂರಾಡಿ ಬೀಳುತ್ತದೆ. ಬಿದ್ದ ದನದ ಹೊಟ್ಟೆ ತಾನಾಗಿಯೇ ಉಬ್ಬುತ್ತದೆ. ನೋಡಿದವರು "ಉಬ್ಬರ" ಎಂದು ಗೊಟ್ಟ ತರಲು ಓಡುತ್ತಾರೆ.

ಎಳೆಯ ಜೋಳದ ಎಲೆಯಲ್ಲಿ ಧುರಿನ್ ಎಂಬ ಪದಾರ್ಥವಿದೆ. ಎಲೆ ಜಜ್ಜಿದಾಗ, ದನ ಅಗಿದಾಗ ಅದು ಒಡೆದು ಹೈಡ್ರೋಸಯನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಪ್ರತಿ ಕಿಲೋ ತೂಕಕ್ಕೆ ಸುಮಾರು 2 ಮಿಲಿಗ್ರಾಂ ಮೈಗೆ ಸೇರಿದರೆ ದನ ಉಳಿಯುವುದು ಕಷ್ಟ. ಅಂದರೆ 300 ಕಿಲೋ ತೂಗುವ ಎತ್ತಿಗೆ ಅರ್ಧ ಗ್ರಾಂಗಿಂತ ತುಸು ಹೆಚ್ಚು ಸಾಕು. ಈ ವಿಷ ರಕ್ತದಲ್ಲಿರುವ ಆಮ್ಲಜನಕವನ್ನು ಮೈಯ ಕಣಗಳು ಬಳಸದಂತೆ ತಡೆಯುತ್ತದೆ. ಆದ್ದರಿಂದಲೇ ಉಸಿರುಕಟ್ಟಿ ಒದ್ದಾಡುವ ದನದ ರಕ್ತ ಕಡುಗೆಂಪಾಗಿ ಹೊಳೆಯುತ್ತಿರುತ್ತದೆ. ರೋಗ ಹೊಟ್ಟೆಯದಲ್ಲ, ಉಸಿರಿನದು.

ಇದನ್ನು ತಪ್ಪಾಗಿ ತಿಳಿದವರು ರೈತರಷ್ಟೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬರದ ವರ್ಷಗಳಲ್ಲಿ ಉತ್ತರ ಹಿಂದುಸ್ತಾನದಲ್ಲಿ ಬಾಡಿದ ಜೋಳ ತಿಂದು ದನಗಳು ಸತ್ತಾಗ ಜನ ಬೆಳೆಯಲ್ಲಿದ್ದ ಹುಳದ ಮೇಲೆ ತಪ್ಪು ಹೊರಿಸಿದರು. 1890ರ ದಶಕದಲ್ಲಿ ಪೀಜ್ ಎಂಬ ಪಶುವೈದ್ಯರು ಹುಳವಲ್ಲ, ಗಿಡದಲ್ಲಿ ಸೇರಿದ ಪೆಟ್ಲುಪ್ಪೇ ಕಾರಣವೆಂದರು. ಕೊನೆಗೆ 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ವಿಜ್ಞಾನಿಗಳು ಎಳೆ ಜೋಳದಿಂದ ಧುರಿನ್ ಬೇರ್ಪಡಿಸಿ ತೋರಿಸಿದರು. ಜೋಳಕ್ಕೆ ಅರಬ್ಬಿ ಭಾಷೆಯಲ್ಲಿ ಧುರ್ರಾ ಎನ್ನುತ್ತಾರೆ, ಆ ಹೆಸರೇ ವಿಷದ ಮೂಲಕ್ಕೂ ನಿಂತಿತು.

ಆದರೆ ಪೀಜ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಯೂರಿಯಾ ಹೆಚ್ಚು ಹಾಕಿ, ನಂತರ ಮಳೆ ತಪ್ಪಿದ ಜೋಳದ ದಂಟಿನಲ್ಲಿ ನೈಟ್ರೇಟ್ ಕೂಡಿಕೊಳ್ಳುತ್ತದೆ. ಅದೂ ದನವನ್ನು ಹೀಗೆಯೇ ಏದುಸಿರು ಬಿಡಿಸಿ ಕೆಡವುತ್ತದೆ, ತುಸು ತಡವಾಗಿ, ತಿಂದ ಕೆಲವು ತಾಸಿನ ಮೇಲೆ. ಆದರೆ ಆಗ ರಕ್ತ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಈ ಎರಡನ್ನು ಬೇರ್ಪಡಿಸುವುದು ಪುಸ್ತಕದ ಪಾಂಡಿತ್ಯವಲ್ಲ. ಮೊದಲನೆಯದಕ್ಕೆ ವೈದ್ಯರು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟನ್ನು, ಅಂದರೆ ಹಿಂದೆ ಫೋಟೋ ತೊಳೆಯಲು ಬಳಸುತ್ತಿದ್ದ ಹೈಪೋವನ್ನು, ರಕ್ತನಾಳಕ್ಕೆ ಕೊಡುತ್ತಾರೆ. ಎರಡನೆಯದಕ್ಕೆ ಮೆಥಿಲೀನ್ ಬ್ಲೂ ಕೊಡಬೇಕು. ನೈಟ್ರೇಟ್ ವಿಷವಾದ ದನಕ್ಕೆ ತಪ್ಪಿ ನೈಟ್ರೈಟ್ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಹಾಗಾಗಿ ದನ ಏನು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು, ಹೊಲಕ್ಕೆ ಯಾವ ಗೊಬ್ಬರ ಬಿದ್ದಿತ್ತು ಎಂದು ವೈದ್ಯರು ಕೇಳಿದರೆ ಬೇಸರಪಡಬಾರದು. "ಏನೂ ತಿಂದಿಲ್ರಿ" ಎಂಬ ಉತ್ತರದಿಂದ ವೈದ್ಯರ ಕೈ ಕಟ್ಟಿದಂತಾಗುತ್ತದೆ.

ಬಿದ್ದ ದನಕ್ಕೆ ಗೊಟ್ಟ ಹಾಕುವುದಂತೂ ಯಾವ ಕಾರಣಕ್ಕೂ ಬೇಡ. ನುಂಗುವ ಶಕ್ತಿಯಿಲ್ಲದ ಪ್ರಾಣಿಯ ತಲೆ ಎತ್ತಿ, ನಾಲಗೆ ಜಗ್ಗಿ ಎಣ್ಣೆ ಸುರಿದರೆ ಅದು ಶ್ವಾಸಕೋಶ ಸೇರುತ್ತದೆ. ವಿಷದಿಂದ ಪಾರಾದ ಎತ್ತು ವಾರದೊಳಗೆ ಪುಪ್ಪುಸದ ಬಾವಿನಿಂದ ಸಾಯುತ್ತದೆ.

ಹಾಗೆಂದು ಜೋಳದ ಮೇವನ್ನೇ ಬಿಡಬೇಕಾಗಿಲ್ಲ. ಹೂವಾಡುವ ಹಂತಕ್ಕೆ ಬಂದ, ನೀರುಂಡು ಬೆಳೆದ ಮೇವಿನಲ್ಲಿ ಸಯನೈಡಿನ ಭಯ ಕಡಿಮೆ. ಚೆನ್ನಾಗಿ ಒಣಗಿಸಿದ ಕಣಿಕೆಯಲ್ಲಿ ಅದು ಹೆಚ್ಚಿನಂಶ ಹಾರಿಹೋಗಿರುತ್ತದೆ. ಆದರೆ ನೈಟ್ರೇಟ್ ಒಣಗಿಸಿದರೆ ಹೋಗುವುದಿಲ್ಲ, ಇದನ್ನು ನೆನಪಿಡಬೇಕು.

ಸುಗ್ಗಿಯ ಕಾಲದ ಇನ್ನೊಂದು ತಪ್ಪು ತಿಳಿವಳಿಕೆ ಕಣದಲ್ಲಿ ಹುಟ್ಟುತ್ತದೆ. ರಾತ್ರಿ ಕಣ್ಣಿ ಕಿತ್ತ ಎಮ್ಮೆ ರಾಶಿಗೆ ಬಾಯಿ ಹಾಕುತ್ತದೆ, ಇಲ್ಲವೆ ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಪ್ರೀತಿಯಿಂದ ಬುಟ್ಟಿಗಟ್ಟಲೆ ಹಾಕುತ್ತಾರೆ. ಮರುದಿನ ಎಮ್ಮೆ ಏಳುವುದಿಲ್ಲ, ಮೈ ತಣ್ಣಗಾಗಿರುತ್ತದೆ, ಕತ್ತು ಪಕ್ಕಕ್ಕೆ ತಿರುಗಿಸಿ ಮಲಗಿರುತ್ತದೆ. ಈದು ಸ್ವಲ್ಪ ದಿನವಾಗಿದ್ದರೆ ಎಲ್ಲರೂ ಹಾಲುಜ್ವರ ಎನ್ನುತ್ತಾರೆ. ಆದರೆ ಸಗಣಿ ನೀರಾಗಿ ಹುಳಿವಾಸನೆ ಬರುತ್ತಿದ್ದರೆ ಅದು ಹೊಟ್ಟೆಯಲ್ಲಿ ಕಾಳು ಹುಳಿತು ಉಂಟಾದ ಆಮ್ಲದ ಕೆಲಸ. ಅದಕ್ಕೆ ಬೇಕಾದದ್ದು ಎಣ್ಣೆಯೂ ಅಲ್ಲ, ಕ್ಯಾಲ್ಸಿಯಂ ಒಂದೇ ಅಲ್ಲ. ಹುಳಿ ಮುರಿಯುವ ಸೋಡಾ ಬೇಕು, ರಕ್ತನಾಳಕ್ಕೆ ಸಲೈನ್ ಬೇಕು, ಅದೂ ಅದೇ ದಿನ.

ಇನ್ನೊಂದು ರೋಗ ಸಾವಕಾಶದ್ದು. ಆಕಳು ಮೇವು ಬಿಡುತ್ತದೆ, ಹಾಲು ಒಮ್ಮೆಲೆ ಇಳಿಯುತ್ತದೆ, ಹೊಟ್ಟೆ ತುಸು ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ. ಅಜೀರ್ಣವೆಂದು ತಿಂಗಳುಗಟ್ಟಲೆ ಓಮು, ಶುಂಠಿ, ಪುಡಿ ಪೊಟ್ಟಣ ನಡೆಯುತ್ತವೆ. ದನ ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ, ಮೇವಿನ ಸಂಗಡ ಮೊಳೆ, ತಂತಿಯ ತುಂಡನ್ನೂ ನುಂಗುತ್ತದೆ. ಅದು ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೃದಯಕ್ಕೆ ಕೆಲವೇ ಬೆರಳಿನ ಅಂತರ. ಇಂಥ ಆಕಳು ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈ ಅಗಲಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಡೆಯಲು ಒಲ್ಲದು. ಹೆಗಲ ಹಿಂದೆ ಬೆನ್ನು ಚಿವುಟಿದರೆ ಆರೋಗ್ಯದ ದನ ಬೆನ್ನು ತಗ್ಗಿಸುತ್ತದೆ, ನೋವಿದ್ದದ್ದು ತಗ್ಗಿಸದೆ ನರಳುತ್ತದೆ. ಈ ಹಂತದಲ್ಲಿ ತೋರಿಸಿದರೆ ನುಂಗಿಸಿದ ಅಯಸ್ಕಾಂತದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಉಳಿಸಬಹುದು. ಕತ್ತಿನ ನರ ಹಗ್ಗದಂತೆ ಎದ್ದು, ಎದೆಯ ಮುಂದೆ ನೀರು ತುಂಬಿದ ಮೇಲೆ ಕರೆತಂದರೆ ವೈದ್ಯರಿಂದಲೂ ಹೆಚ್ಚೇನೂ ಆಗದು.

ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಯಲು 1962 ಸಂಖ್ಯೆ ಇದೆ. ವೈದ್ಯರು ಬರುವವರೆಗೆ ದನವನ್ನು ಎದೆಯ ಮೇಲೆ ಕೂಡುವಂತೆ ಆನಿಸಿ, ಉಳಿದ ದನಗಳನ್ನು ಆ ಹೊಲದಿಂದ ಹೊರಗೆ ಹೊಡೆದು, ತಿಂದ ಮೇವಿನ ಒಂದು ಹಿಡಿಯನ್ನು ಚೀಲದಲ್ಲಿ ಕಟ್ಟಿಡಬೇಕು. ಒಂದು ವೇಳೆ ದನ ಸತ್ತು, ಹೊಟ್ಟೆ ಬೇಗ ಉಬ್ಬಿ, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಅದು ಉಬ್ಬರವೂ ಅಲ್ಲ, ಜೋಳದ ವಿಷವೂ ಅಲ್ಲ, ನೆರಡಿ ರೋಗವಿರಬಹುದು, ಮನುಷ್ಯನಿಗೂ ತಗಲುತ್ತದೆ. ವೈದ್ಯರು ನೋಡುವವರೆಗೆ ನಾಯಿ ಮುಟ್ಟದಂತೆ ಕಾಯ್ದು, ಅವರು ಹೇಳಿದಂತೆ ಆಳವಾದ ತಗ್ಗಿನಲ್ಲಿ ಸುಣ್ಣ ಹಾಕಿ ಹೂಳಬೇಕು.