ಹುಕ್ಕೇರಿಯ ಕರೆಂಟು, ಸದಸ್ಯರ ಲೆಕ್ಕ



ನಾವು ಬೆಂಗಳೂರಿನ ಬೆನ್ಸನ್ ಟೌನಿನವರು. ಬೆಸ್ಕಾಂ ಬಿಲ್ಲು ಬಂತು, ಕಟ್ಟಿದೆವು, ಅಲ್ಲಿಗೆ ಮುಗೀತು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಹಾಗಲ್ಲ. 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಅಲ್ಲಿ ಕಂಬ ನೆಟ್ಟು, ತಂತಿ ಎಳೆದು, ಬಿಲ್ಲು ವಸೂಲು ಮಾಡುತ್ತದೆ. ಕರೆಂಟನ್ನು ತಾನೇ ಉತ್ಪಾದಿಸದೆ, ಸಗಟಾಗಿ ಕೊಂಡು ಮನೆಗಳಿಗೆ, ಪಂಪ್‌ಸೆಟ್ಟುಗಳಿಗೆ ಹಂಚುತ್ತದೆ. ಸೊಸೈಟಿಗಳು ಗೊಬ್ಬರ ತರಿಸಿ ಹಂಚೋ ಹಾಗೆ ಅಂತಿಟ್ಟುಕೊಳ್ಳಿ.

ಆದರೆ ಗೊಬ್ಬರದ ಮೂಟೆ ಕಳುವಾದರೆ ಕಣ್ಣಿಗೆ ಕಾಣುತ್ತೆ. ತಂತಿಗೆ ಕೊಕ್ಕೆ ಹಾಕಿ ಎಳೆದ ಕರೆಂಟು ಕಾಣೋದಿಲ್ಲ. ಕೊಂಡ ಯೂನಿಟ್ಟೆಷ್ಟು, ಬಿಲ್ಲಾದ ಯೂನಿಟ್ಟೆಷ್ಟು ಎಂದು ಪಕ್ಕಪಕ್ಕ ಬರೆದಾಗಲೇ ಗೊತ್ತಾಗೋದು. ಸ್ವಲ್ಪ ತಂತಿಯಲ್ಲೇ ಶಾಖವಾಗಿ ಹೋಗುತ್ತೆ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಉಳಿದದ್ದು? ಅದರ ನಷ್ಟ ಬೀಳುವುದು ಷೇರುದಾರರ ಸಂಘದ ಮೇಲೆಯೇ. ಇಂಥ ಸಂಘದ ಮಹಾಸಭೆಯಲ್ಲಿ ಲಾಭಾಂಶದ ಮಾತಿಗೆ ಮೊದಲು ಈ ಎರಡು ಅಂಕಿಗಳನ್ನು ಓದಿಸಬೇಕೆಂಬುದು ನಮ್ಮ ಅಭಿಪ್ರಾಯ.